ಬೋನಿನ ಚಿತ್ರ, ಬುಕ್ಕಾಪಟ್ಟಣದ ಚಿತ್ರ

ತುಮಕೂರು ಜಿಲ್ಲೆ ಎಂದರೆ ಹೊರಗಿನವರಿಗೆ ನೆನಪಾಗುವುದು ತೆಂಗು, ಹುಣಸೆ, ರಾಗಿ ಮತ್ತು ಬರ. ಕಾಡುಪ್ರಾಣಿಗಳ ಮಾತು ಬಂದರೆ ಎಲ್ಲರ ಬೆರಳೂ ಬಂಡೀಪುರ, ನಾಗರಹೊಳೆಯ ಕಡೆಗೇ ತಿರುಗುತ್ತದೆ. ಆದರೆ ಕ್ಯಾಮೆರಾ ಹಿಡಿದ ಚಿತ್ರವೊಂದು ಸರ್ಕಾರಿ ಕಡತದೊಳಗೆ ಹೋಗಿ ಕಾಡಿಗೆ ರಕ್ಷಣೆ ತಂದ ಚರಿತ್ರೆ ಬರೆಯುವುದಾದರೆ ನಮ್ಮ ಜಿಲ್ಲೆಯನ್ನು ಬಿಡುವಂತಿಲ್ಲ.

ಕ್ಯಾಮೆರಾ ಕಾಡಿಗೆ ಹೋದದ್ದು ಮೊದಲು ಕೋವಿಯ ಬೆನ್ನ ಹಿಂದೆ. ಸತ್ತ ಹುಲಿಯ ಪಕ್ಕ ನಿಂತ ಶಿಕಾರಿಯ ಪಟಗಳನ್ನು ಹಳೆಯ ಬಂಗಲೆಗಳಲ್ಲಿ ಈಗಲೂ ನೋಡಬಹುದು. ಆ ರೂಢಿಯಿಂದ ದೂರ ನಡೆದವರಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಮುಖ್ಯರು. ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಅವರು ಪ್ರಾಣಿಗಳು ಓಡಾಡುವ ದಾರಿಗೆ ತಂತಿ ಕಟ್ಟಿ, ಅದು ತಗುಲಿದೊಡನೆ ಫ್ಲಾಶ್ ಮಿಂಚುವಂತೆ ಮಾಡಿದರು. ಹಾಗೆ ತೆಗೆದ ಚಿತ್ರಗಳ ಪುಸ್ತಕ 1927ರಲ್ಲಿ ಹೊರಬಂತು. ಕರ್ನಾಟಕದಲ್ಲಿ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಬದುಕಿರುವ ಪ್ರಾಣಿಯೇ ನೋಡಲು ಚೆಂದ ಎಂಬುದನ್ನು ಜನರಿಗೆ ಕಾಣಿಸಿದರು.

ಚೆಂದ ಕಂಡರೆ ಸಾಕೇ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನೇ ನೋಡಿ. ಹುಲ್ಲುಗಾವಲು ಎಂದರೆ ಬೀಳುಭೂಮಿ, ಅಲ್ಲಿ ನೀಲಗಿರಿ ನೆಟ್ಟರೆ ಅಭಿವೃದ್ಧಿ ಎಂದು ನಂಬಿದ್ದ ಕಾಲ. ಆ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು ಅವುಗಳ ವಿಷಯವನ್ನು ವರ್ಷಗಟ್ಟಲೆ ಹೊರಜಗತ್ತಿಗೆ ತಿಳಿಸುತ್ತಾ ಬಂದರು. 2007ರಲ್ಲಿ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಬಯಲು ಎಂದರೆ ಖಾಲಿ ಜಾಗವಲ್ಲ ಎಂಬುದನ್ನು ಸರ್ಕಾರ ಒಪ್ಪಿಕೊಂಡಂತಾಯಿತು.

ಮುಂದಿನ ಹೆಜ್ಜೆಯನ್ನು ಇಟ್ಟದ್ದು ಕ್ಯಾಮೆರಾ ಟ್ರ್ಯಾಪ್. ಇದಕ್ಕೆ ಛಾಯಾಗ್ರಾಹಕ ಬೇಡ. ಕಾಲುದಾರಿಯ ಎರಡೂ ಬದಿ ಎದುರುಬದುರಾಗಿ ಎರಡು ಪೆಟ್ಟಿಗೆ ಕಟ್ಟುತ್ತಾರೆ, ಪ್ರಾಣಿ ಹಾದರೆ ಎರಡೂ ಮಗ್ಗುಲಿನ ಚಿತ್ರ ಸಿಗುತ್ತದೆ. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಹೀಗೆ ಹುಲಿ ಎಣಿಸುವ ವಿಧಾನವನ್ನು 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ರೂಪಿಸಿದ್ದರು. ಹೆಸರಿನಲ್ಲೇ ಗುಬ್ಬಿಯನ್ನು ಇಟ್ಟುಕೊಂಡ, ತುಮಕೂರು ಮೂಲದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಚಿರತೆ ಅಧ್ಯಯನಕ್ಕೆ ಇದೇ ವಿಧಾನ ಬಳಸಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಇಟ್ಟ ಪೆಟ್ಟಿಗೆಗಳಿಗೆ ಚಿಂಕಾರ ಸಿಕ್ಕಿತು. ಬಾಗಲಕೋಟೆಯ ಯಡಹಳ್ಳಿಯ ಕಡೆ ಹೆಸರಾಗಿದ್ದ ಈ ಪುಟ್ಟ ಹುಲ್ಲೆ ಇಲ್ಲೂ ಇದೆ ಎಂಬುದಕ್ಕೆ ಆ ಚಿತ್ರಗಳೇ ಸಾಕ್ಷಿ. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮ ಆಯಿತು. ಆ ಚಿತ್ರಗಳು ಕ್ಯಾಲೆಂಡರಿಗೆ ಹಾಕುವಂಥವಲ್ಲದಿರಬಹುದು. ಕೆಲಸ ಮಾತ್ರ ದೊಡ್ಡದು.

ಅದೇ 2019ರ ಅಕ್ಟೋಬರಿನಿಂದ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಬೇರೆಯೇ ಕಥೆ ಶುರುವಾಯಿತು. ತುಮಕೂರು ತಾಲ್ಲೂಕಿನ ಹೆಬ್ಬೂರು ಸೀಮೆ, ಕುಣಿಗಲ್, ಗುಬ್ಬಿ ತಾಲ್ಲೂಕುಗಳಲ್ಲಿ ಐದು ತಿಂಗಳೊಳಗೆ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ದನಕ್ಕೆ ಹುಲ್ಲು ತರಲು, ಹೊಲಕ್ಕೆ ನೀರು ಕಟ್ಟಲು ಹೆದರುವ ಸ್ಥಿತಿ. ಬೋನುಗಳು ಬಂದವು, ಕ್ಯಾಮೆರಾ ಟ್ರ್ಯಾಪ್‌ಗಳೂ ಬಂದವು.

ನಮ್ಮಂಥ ತಾಲ್ಲೂಕು, ಜಿಲ್ಲಾ ವರದಿಗಾರರು ಯೋಚಿಸಬೇಕಾದದ್ದು ಇಲ್ಲಿ. ಡೆಸ್ಕಿಗೆ ಬೇಕಾದದ್ದು ಬೋನಿನಲ್ಲಿ ಹಲ್ಲು ಕಿರಿಯುವ ಚಿರತೆಯ ಚಿತ್ರ. ಸುತ್ತ ನೂರಾರು ಜನ ಕೂಗುತ್ತಾ ಮೊಬೈಲ್ ಹಿಡಿದು ನಿಂತರೆ ಯಾವ ಪ್ರಾಣಿ ಹಲ್ಲು ಕಿರಿಯದು? ಆ ಚಿತ್ರದಿಂದ ಓದುಗರಿಗೆ ತಿಳಿಯುವುದು ಭಯ ಒಂದೇ. ಸಿಕ್ಕಿದ್ದು ದಾಳಿ ಮಾಡಿದ ಚಿರತೆಯೋ, ದಾರಿಹೋಕ ಚಿರತೆಯೋ ಎಂಬುದು ತಿಳಿಯದು. ದಾಳಿ ನಡೆದ ಜಾಗದ ಟ್ರ್ಯಾಪ್ ಚಿತ್ರದ ಚುಕ್ಕೆಗೂ ಬೋನಿನ ಚಿರತೆಯ ಚುಕ್ಕೆಗೂ ತಾಳೆ ನೋಡಿದರೆ, ಆ ಚಿರತೆ ಅಲ್ಲಿ ಓಡಾಡಿತ್ತೇ ಎಂಬುದಾದರೂ ಗೊತ್ತಾಗುತ್ತದೆ. ಮಗುವನ್ನು ಕಳೆದುಕೊಂಡ ಮನೆಗೂ ಆ ಉತ್ತರ ಬೇಕು, ಚಿರತೆಗೂ ಬೇಕು.

ಹಾಗೆಂದು ಕ್ಯಾಮೆರಾ ಎಲ್ಲ ಕಡೆಯೂ ಉಪಕಾರಿ ಅಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರೇ ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಕಡೆ ಒಂದು ಒಳ್ಳೆಯ ಫೋಟೊಗಾಗಿ ಗೂಡಿಗೆ ತೀರಾ ಹತ್ತಿರ ಹೋದರೆ ತಾಯಿಹಕ್ಕಿ ಎದ್ದುಹೋಗಿ ಮೊಟ್ಟೆ, ಮರಿಗಳು ಬಿಸಿಲಿಗೆ ಬೀಳುತ್ತವೆ. ಪರಿಸರ ಪ್ರೀತಿಯ ಹೆಸರಿನಲ್ಲೇ ಆಗುವ ಕೇಡು ಇದು.

ಈ ಚರಿತ್ರೆಯಿಂದ ನಮಗೆ ಕಾಣುವುದಿಷ್ಟು. ಮೈದನಹಳ್ಳಿ, ಬುಕ್ಕಾಪಟ್ಟಣ ಉಳಿದದ್ದು ಚಿತ್ರ ಚೆನ್ನಾಗಿತ್ತು ಎಂದಲ್ಲ. ಅದರ ಜೊತೆ ಜಾಗ, ದಿನ, ಲೆಕ್ಕ ಇದ್ದವು. ಹಿಂದೆ ಬಿದ್ದು ಕಡತ ಓಡಾಡಿಸುವ ಜನರೂ ಇದ್ದರು. ಗುಬ್ಬಿ, ಕುಣಿಗಲ್ಲಿನ ಹಳ್ಳಿಗಳಿಗೂ ಬೇಕಾದದ್ದು ಅಂಥ ಚಿತ್ರಗಳೇ. ಇನ್ನು ಮುಂದೆ ‘ನಮ್ಮೂರಲ್ಲಿ ಚಿರತೆ’ ಎಂಬ ಫೋಟೊ ವಾಟ್ಸ್‌ಆ್ಯಪ್‌ಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು ಎಂದು ಕೇಳೋಣ.