ಚರ್ಚಿನ ಒಳಾಂಗಣ ವಿನ್ಯಾಸ

ಕ್ರೈಸ್ತ ಆರಾಧನಾ ಮಂದಿರದೊಳಗೆ ಬಲಿಪೀಠ, ಪ್ರಸಂಗಪೀಠ, ದೀಕ್ಷಾಸ್ನಾನದ ತೊಟ್ಟಿ, ಗಾಯಕರ ಜಾಗ, ಜನರ ಆಸನ, ನಡೆದಾಡುವ ದಾರಿ ಇವು ಎಲ್ಲಿರಬೇಕು, ಒಂದಕ್ಕೊಂದು ಎಷ್ಟು ದೂರವಿರಬೇಕು ಎಂದು ಗೊತ್ತುಮಾಡುವ ಕೆಲಸಕ್ಕೆ ಈ ಹೆಸರು. ಆರಾಧನೆಗೆ ಮುಂಚೆ ಮತ್ತು ಆಮೇಲೆ ಜನ ಸೇರುವ ಮೊಗಸಾಲೆ, ಅಂಗಳ, ಸಭಾಂಗಣಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಕರಾವಳಿಯ ಕೊಂಕಣಿ ಕಥೋಲಿಕರು ಕಟ್ಟಡವನ್ನು ಇಗರ್ಜಿ ಎನ್ನುತ್ತಾರೆ. ಇದು ಪೋರ್ಚುಗೀಸರಿಂದ ಬಂದ ಮಾತು. ಕನ್ನಡ ಪ್ರೊಟೆಸ್ಟೆಂಟರಲ್ಲಿ ದೇವಾಲಯ ಎಂಬ ಮಾತಿನ ಜೊತೆಗೆ ಸಭೆ ಎಂಬುದೂ ಬಳಕೆಯಲ್ಲಿದೆ. ಗ್ರೀಕಿನ ಎಕ್ಲೀಸಿಯ ಎಂಬ ಪದಕ್ಕೂ ಮೂಲಾರ್ಥ ನೆರೆದ ಜನ ಎಂದೇ. ಕಟ್ಟಡಕ್ಕಿಂತ ಮೊದಲು ಕೂಟವಿತ್ತು ಎಂಬುದನ್ನು ಈ ಹೆಸರು ಈಗಲೂ ಹೇಳುತ್ತಿದೆ.

ಹೊರಗಿನ ಗೋಪುರ, ಕಮಾನುಗಳ ಬಗ್ಗೆ ಬರೆದವರು ಬಹಳ. ಒಳಗಿನ ಏರ್ಪಾಟು ಅಷ್ಟಾಗಿ ಗಮನ ಸೆಳೆದಿಲ್ಲ. ಆದರೆ ಸಂಪ್ರದಾಯಗಳ ನಡುವಿನ ಭೇದ ಎದ್ದು ಕಾಣುವುದು ಅಲ್ಲಿಯೇ. ಮೇಜು ಎಲ್ಲಿದೆ, ವಾಕ್ಯ ಎಲ್ಲಿಂದ ಕೇಳುತ್ತದೆ, ಇವೆರಡಕ್ಕೂ ಜನ ಎಷ್ಟು ಹತ್ತಿರ ಎಂಬ ಮೂರು ದೂರಗಳನ್ನು ಅಳೆದರೆ ಅದು ಯಾವ ಪಂಥದ, ಸುಮಾರಾಗಿ ಯಾವ ಕಾಲದ ಚರ್ಚು ಎಂದು ಹೇಳಬಹುದು.

ಮನೆಯಿಂದ ಬೆಸಿಲಿಕಕ್ಕೆ

ಉತ್ಖನನದಲ್ಲಿ ಸಿಕ್ಕಿರುವ ಹಳೆಯ ಉದಾಹರಣೆಗಳಲ್ಲಿ ಖಚಿತವಾದದ್ದು ಸಿರಿಯದ ಯೂಫ್ರೆಟಿಸ್ ದಂಡೆಯ ದುರಾ ಯೂರೋಪೋಸ್ ಪಟ್ಟಣದ್ದು. 3ನೆಯ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿನ ಒಂದು ಸಾಧಾರಣ ಮನೆಯ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ, ಸುಮಾರು 13 ಮೀಟರ್ ಉದ್ದ, 5 ಮೀಟರ್ ಅಗಲದ ಹಜಾರ ಮಾಡಿಕೊಂಡಿದ್ದರು. ಅದರ ಪೂರ್ವದ ತುದಿಯಲ್ಲಿ ಒಂದು ಗಿಡ್ಡ ಜಗಲಿ. ದೀಕ್ಷಾಸ್ನಾನಕ್ಕೆ ಬೇರೆಯೇ ಕೋಣೆ, ಚಿತ್ರಗಳಿದ್ದದ್ದು ಅಲ್ಲಿ. 256ರ ಸುಮಾರಿಗೆ ಪರ್ಷಿಯನ್ನರ ಮುತ್ತಿಗೆಯಲ್ಲಿ ಪಟ್ಟಣ ಹಾಳಾಯಿತು. ಮುತ್ತಿಗೆಗೆ ಮುಂಚೆ ಕೋಟೆಗೋಡೆಯನ್ನು ಬಲಪಡಿಸಲು ತುಂಬಿದ ಮಣ್ಣಿನಡಿ ಈ ಮನೆ ಉಳಿದುಕೊಂಡಿತು.

313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ಸಿಕ್ಕ ಮೇಲೆ ದೊಡ್ಡ ಕಟ್ಟಡಗಳು ಬೇಕಾದವು. ಆಗ ಮಾದರಿಯಾಗಿ ತೆಗೆದುಕೊಂಡದ್ದು ರೋಮಿನ ದೇವಗುಡಿಯನ್ನಲ್ಲ, ನ್ಯಾಯಾಲಯ ಮತ್ತು ವ್ಯವಹಾರ ನಡೆಯುತ್ತಿದ್ದ ಬೆಸಿಲಿಕ ಎಂಬ ಸಾರ್ವಜನಿಕ ಹಜಾರವನ್ನು. ಗುಡಿಯಲ್ಲಿ ದೇವರು ಒಳಗೆ, ಜನ ಹೊರಗೆ. ಬೆಸಿಲಿಕದಲ್ಲಿ ಎಲ್ಲರೂ ಒಳಗೆ. ನಡುವೆ ಉದ್ದನೆಯ ಹಜಾರ, ಎರಡು ಪಕ್ಕ ಕಂಬಸಾಲಿನ ಓಣಿ, ಕೊನೆಯಲ್ಲಿ ಅರ್ಧವೃತ್ತದ ಗೂಡು ಎಂಬ ಏರ್ಪಾಟು ಮುಂದೆ ಸಾವಿರ ವರ್ಷ ಉಳಿಯಿತು. ಆಸನಗಳಿರಲಿಲ್ಲ; ಜನ ನಿಲ್ಲುತ್ತಿದ್ದರು. ಪಶ್ಚಿಮ ಯೂರೋಪಿನಲ್ಲಿ ಮರದ ಬೆಂಚುಗಳು ವ್ಯಾಪಕವಾದದ್ದು 15ನೆಯ ಶತಮಾನದ ಹೊತ್ತಿಗೆ.

ಕಾಲಕ್ರಮದಲ್ಲಿ ಬಲಿಪೀಠ ಪೂರ್ವದ ಗೋಡೆಯತ್ತ ಸರಿಯಿತು, ಅದಕ್ಕೂ ಜನರಿಗೂ ನಡುವೆ ತೆರೆ ಬಂತು. ಪಶ್ಚಿಮದಲ್ಲಿ ಅದು ಕೊರೆದ ಮರದ ಅಥವಾ ಕಲ್ಲಿನ ಜಾಲಂಧ್ರ. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಪ್ರತಿಮಾ ಚಿತ್ರಗಳ ಗೋಡೆ. ಪೂರ್ವ ಸಿರಿಯ ಪರಂಪರೆಯ ಸೀರೋ ಮಲಬಾರ್ ಚರ್ಚುಗಳಲ್ಲಿ ಬಟ್ಟೆಯ ಪರದೆ. ಕರ್ನಾಟಕದಲ್ಲಿ ಬೆಳ್ತಂಗಡಿ (1999), ಭದ್ರಾವತಿ (2007), ಮಂಡ್ಯ (2010) ಧರ್ಮಪ್ರಾಂತ್ಯಗಳು ಈ ಪರಂಪರೆಗೆ ಸೇರಿದವು.

ಕೇಳಿಸುವ ಮಂದಿರ

ಪ್ರೊಟೆಸ್ಟೆಂಟ್ ಸುಧಾರಣೆ ಮೊದಲು ಬದಲಾಯಿಸಿದ್ದು ಪ್ರಸಂಗಪೀಠದ ಸ್ಥಾನವನ್ನು. ಜರ್ಮನಿಯ ಟೋರ್ಗೌ ಕೋಟೆಯ ಚರ್ಚನ್ನು ಮಾರ್ಟಿನ್ ಲೂಥರ್ 1544ರಲ್ಲಿ ಉದ್ಘಾಟಿಸಿದ. ಅದೊಂದು ಸರಳ ಆಯತ. ಪ್ರಸಂಗಪೀಠ ಉದ್ದಗೋಡೆಯ ನಡುವೆ ಇದೆ. ಬಲಿಪೀಠ ಒಂದು ತುದಿಯಲ್ಲಿ ಮೇಜಿನಂತೆ ನಿಂತಿದೆ. ಸುತ್ತ ಮೇಲಂತಸ್ತಿನ ಗ್ಯಾಲರಿಗಳು. ಬೋಧಕನಿಗೂ ಕೊನೆಯ ಕೇಳುಗನಿಗೂ ಇರುವ ದೂರವನ್ನು ಕಡಿಮೆ ಮಾಡುವುದೇ ಇಲ್ಲಿನ ಲೆಕ್ಕಾಚಾರ. ಕಥೋಲಿಕ ಪಕ್ಷವೂ ಇದೇ ದಿಕ್ಕಿನಲ್ಲಿ ಯೋಚಿಸಿತೆಂಬುದನ್ನು ಮರೆಯಬಾರದು. ರೋಮಿನಲ್ಲಿ 1568ರಲ್ಲಿ ಆರಂಭವಾದ ಯೇಸುಸಭೆಯ ಇಲ್ ಜೆಸು ಚರ್ಚಿನಲ್ಲಿ ಪಕ್ಕದ ಓಣಿಗಳನ್ನು ಬಿಟ್ಟು ಒಂದೇ ಅಗಲವಾದ ಹಜಾರ ಮಾಡಿದ್ದು ಬಹುಮಟ್ಟಿಗೆ ಪ್ರಸಂಗಕ್ಕಾಗಿ. ಮಿಲಾನಿನ ಕಾರ್ಡಿನಲ್ ಕಾರ್ಲೊ ಬೊರೊಮಿಯೊ 1577ರಲ್ಲಿ ಪ್ರಕಟಿಸಿದ ನಿರ್ಮಾಣ ಸೂಚನೆಗಳಲ್ಲಿ ಪಾಪನಿವೇದನೆಯ ಗೂಡಿನ ಜಾಲರಿಯಿಂದ ಹಿಡಿದು ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ಅಡ್ಡಹಲಗೆಯವರೆಗೆ ವಿವರಗಳಿವೆ.

ಕಿವಿಯ ಲೆಕ್ಕವನ್ನು ಅಂಕಿಯಲ್ಲಿ ಕೊಟ್ಟವನು ಲಂಡನ್ನಿನ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. 1711ರ ಒಂದು ಪತ್ರದಲ್ಲಿ ಅವನು ಕೊಟ್ಟ ಪ್ರಮಾಣ ಹೀಗಿದೆ: ಸಾಧಾರಣ ಧ್ವನಿ ಬೋಧಕನ ಮುಂದಕ್ಕೆ 50 ಅಡಿ, ಎರಡೂ ಪಕ್ಕಕ್ಕೆ 30 ಅಡಿ, ಹಿಂದಕ್ಕೆ 20 ಅಡಿ ಕೇಳುತ್ತದೆ. ಆದ್ದರಿಂದ ಚರ್ಚು 60 ಅಡಿ ಅಗಲ, 90 ಅಡಿ ಉದ್ದ ಮೀರಬಾರದು; ಗ್ಯಾಲರಿ ಸೇರಿ 2,000 ಜನ ಹಿಡಿದರೆ ಸಾಕು. ಧ್ವನಿವರ್ಧಕವಿಲ್ಲದ ಕಾಲದ ಈ ಅಂದಾಜು ಇಂದಿಗೂ ಹೆಚ್ಚು ತಪ್ಪಿಲ್ಲ. 1839ರಲ್ಲಿ ಸ್ಥಾಪನೆಯಾದ ಕೇಂಬ್ರಿಜ್ ಕ್ಯಾಮ್ಡೆನ್ ಸಂಘ ಇದನ್ನು ಬದಿಗೊತ್ತಿ, ಮಧ್ಯಯುಗದ ಉದ್ದನೆಯ ಗರ್ಭಾಂಗಣವನ್ನು ಮತ್ತೆ ತಂದಿತು. ಇಂಗ್ಲಿಷ್ ಆಡಳಿತದ ನೆಲಗಳಲ್ಲೂ ಕೇಳಿಸದ ಚರ್ಚುಗಳು ಅಷ್ಟೊಂದು ಕಟ್ಟಲ್ಪಟ್ಟದ್ದಕ್ಕೆ ಈ ಅಭಿರುಚಿಯೂ ಒಂದು ಕಾರಣವಿರಬೇಕು.

ಧ್ವನಿಯ ಲೆಕ್ಕ

ಹಾರ್ವರ್ಡಿನ ಭೌತವಿಜ್ಞಾನಿ ವಾಲೇಸ್ ಸ್ಯಾಬಿನ್ 1895ರಿಂದ ಒಂದು ಉಪನ್ಯಾಸ ಕೊಠಡಿಯ ಮೊಳಗನ್ನು ಅಳೆಯತೊಡಗಿದ. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಹಿಡಿಯುವ ಹೊತ್ತನ್ನು ಗಡಿಯಾರ ಹಿಡಿದು ಬರೆದುಕೊಂಡ. ಬೆಳಗಾಗುವ ಮುನ್ನ ಮೆತ್ತೆ ವಾಪಸು. ಅವನ ಸೂತ್ರ ಸರಳ: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಬರುತ್ತವೆ. ಹೀರಿಕೆಗೆ ಅವನು ಇಟ್ಟುಕೊಂಡ ಅಳತೆ ತೆರೆದ ಕಿಟಕಿ. ಅದರಿಂದ ಆಚೆ ಹೋದ ಸದ್ದು ತಿರುಗಿ ಬರುವುದಿಲ್ಲ.

ಕರಾವಳಿಯ ಮಧ್ಯಮ ಗಾತ್ರದ ಇಗರ್ಜಿಗೆ ಇದನ್ನು ಹಚ್ಚಿ ನೋಡಬಹುದು. ಉದ್ದ 30 ಮೀಟರ್, ಅಗಲ 12, ಎತ್ತರ 9 ಎಂದಿಟ್ಟುಕೊಂಡರೆ ಘನಗಾತ್ರ 3,240. ಗಾರೆಗೋಡೆ, ಕಲ್ಲುನೆಲ, ಮರದ ಚಾವಣಿ ಎಲ್ಲ ಸೇರಿ 1,476 ಚದರ ಮೀಟರ್; ಸರಾಸರಿ ನೂರಕ್ಕೆ ಐದರಷ್ಟು ಹೀರಿದರೆ 74. ಬರಿಯ ಬೆಂಚುಗಳಿಗೆ 20 ಸೇರಿಸಿದರೆ ಖಾಲಿ ಇಗರ್ಜಿಯ ಅನುರಣನ ಸುಮಾರು ಐದೂವರೆ ಸೆಕೆಂಡು. ನಾನೂರು ಜನ ಬಂದು ಕೂತರೆ, ತಲೆಗೆ 0.45ರಂತೆ 180 ಹೀರಿಕೆ ಸೇರಿ ಎರಡು ಸೆಕೆಂಡಿಗೆ ಇಳಿಯುತ್ತದೆ. ಈಗ ಎರಡು ಚದರ ಮೀಟರಿನ ಹತ್ತು ಕಿಟಕಿ, ಐದು ಚದರ ಮೀಟರಿನ ಮೂರು ಬಾಗಿಲು ತೆರೆದಿವೆ ಎಂದುಕೊಳ್ಳಿ: ಖಾಲಿ ಇದ್ದಾಗ ನಾಲ್ಕು, ತುಂಬಿದಾಗ 1.7. ಮಾತು ಸ್ಪಷ್ಟವಾಗಲು ಒಂದು ಸೆಕೆಂಡಿನ ಆಸುಪಾಸು ಬೇಕು. ಹಾಡಿಗೂ ಆರ್ಗನ್ನಿಗೂ ಎರಡು ಹಿತ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಭಾನುವಾರದ ಪೂಜೆಗೆ ಸರಿಹೊಂದಿಸಿದ ಧ್ವನಿ ವಾರದ ದಿನದ ಇಪ್ಪತ್ತು ಜನರ ಪೂಜೆಗೆ ಕೆಡುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಸಣ್ಣ ಚಾಪೆಲ್ ಇಡುವುದು ಖರ್ಚಿನ ಮಾತಾದರೂ ವಿವೇಕದ್ದು. ಎರಡನೆಯದಾಗಿ, ಹವಾನಿಯಂತ್ರಣ ಹಾಕಿ ಕಿಟಕಿಗಳಿಗೆ ಗಾಜು ಕೂರಿಸಿದಾಗ ಸೆಖೆಯ ಜೊತೆಗೆ ತೆರೆದ ಕಿಟಕಿಯ ಹೀರಿಕೆಯೂ ಹೋಗುತ್ತದೆ. ಗಾಜು ಸದ್ದನ್ನು ಹಿಂದಕ್ಕೇ ಎಸೆಯುತ್ತದೆ. ಮೊದಲು ಸರಿಯಿದ್ದ ಮೈಕು ಈಗ ಗೊಂಯ್ ಎನ್ನುತ್ತದೆ ಎಂಬ ದೂರು ಬಂದರೆ, ಹೊಸ ಧ್ವನಿವರ್ಧಕ ತರುವ ಮುಂಚೆ ಗೋಡೆಗೆ ಹೀರುವ ಹೊದಿಕೆ ಆದೀತೇ ನೋಡಬೇಕು. ಇದು ಎಲ್ಲ ಕಡೆ ಆಗದ ಮಾತು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದ್ದಾನೆ. ಅಂಥಲ್ಲಿ ಮೊಳೆ ಹೊಡೆಯುವವರಾರು?

ನೇರ ಬಂದ ಸದ್ದಿಗಿಂತ ಗೋಡೆಗೆ ಬಡಿದು ಬಂದದ್ದು 50 ಮಿಲಿಸೆಕೆಂಡಿಗಿಂತ ತಡವಾದರೆ, ಅಂದರೆ 17 ಮೀಟರ್ ಹೆಚ್ಚು ದಾರಿ ನಡೆದರೆ, ಅದು ಮಾತಿಗೆ ಬಲ ಕೊಡುವ ಬದಲು ಮಾತನ್ನು ಕೆಡಿಸುತ್ತದೆ. ಬಲಿಪೀಠದ ಎದುರಿನ ಹಿಂಗೋಡೆ ಸಾಮಾನ್ಯವಾಗಿ ಈ ತಪ್ಪು ಮಾಡುತ್ತದೆ. ಅದರ ಮುಂದೆ ಗ್ಯಾಲರಿ ಇದ್ದು ಅಲ್ಲಿ ಜನ ಕೂತರೆ ತಾನಾಗಿ ಪರಿಹಾರ. ಹಜಾರದ ನಡುವೆ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳಿಗೂ ಇದೇ ಲೆಕ್ಕ. ಮುಂದಿನದರಿಂದ 15 ಮೀಟರ್ ಹಿಂದಿರುವುದಕ್ಕೆ ಸುಮಾರು 44 ಮಿಲಿಸೆಕೆಂಡು ತಡ ಕೊಡಬೇಕು. ಗುಮ್ಮಟ ಮತ್ತು ಅರ್ಧವೃತ್ತದ ಗೂಡು ಸದ್ದನ್ನು ಒಂದೆಡೆ ಕೂಡಿಹಾಕುತ್ತವೆ. ಆ ಬಿಂದು ಜನರ ಕಿವಿಯ ಎತ್ತರಕ್ಕೆ ಬಾರದಂತೆ ಬಾಗನ್ನು ಕಾಗದದ ಮೇಲೆಯೇ ತಿದ್ದಿಕೊಳ್ಳಬೇಕು.

ತಿರುಗಿದ ಬಲಿಪೀಠ

ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಈ ಮುನ್ನವೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳ ಕೂಡಿಕೆಯಿಂದ ಹುಟ್ಟಿತು. 1950ರಲ್ಲಿ ಬಳಕೆಗೆ ಬಂದ ಅದರ ಕರ್ತನ ಭೋಜನದ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖ ಮಾಡಿ ನಿಲ್ಲುವುದಕ್ಕೆ ಒತ್ತು ಸಿಕ್ಕಿತು. ಸಮಾಧಾನವನ್ನು ಅಂಗೈಗಳ ನಡುವೆ ಕೈಯಿಟ್ಟು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕ್ರಮ ಸಿರಿಯನ್ ಸಭೆಗಳಿಂದ ಬಂತು. ರೋಮಿನ ಎರಡನೆಯ ವ್ಯಾಟಿಕನ್ ಸಮಾವೇಶದ ಆರಾಧನಾ ದಸ್ತಾವೇಜು ಬಂದದ್ದು 1963ರ ಡಿಸೆಂಬರಿನಲ್ಲಿ. ಬಲಿಪೀಠ ಗೋಡೆಯಿಂದ ಬಿಡಿಯಾಗಿದ್ದು ಸುತ್ತ ನಡೆಯಲು, ಜನರಿಗೆ ಎದುರಾಗಿ ಪೂಜಿಸಲು ಅನುಕೂಲವಾಗಿರಲಿ ಎಂಬ ಸೂಚನೆ ಬಂದದ್ದು 1964ರಲ್ಲಿ. ವಿಶ್ವದ ಆರಾಧನಾ ಸುಧಾರಣೆಯ ಇತಿಹಾಸಗಳಲ್ಲಿ ದಕ್ಷಿಣ ಭಾರತದ ಈ ಹದಿನಾಲ್ಕು ವರ್ಷದ ಮುನ್ನಡೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂದೇ ಈ ಲೇಖಕನ ಎಣಿಕೆ.

ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಇನ್ನೊಂದು ದಿಕ್ಕಿನಲ್ಲಿ ನಡೆಯಿತು. 1969ರಲ್ಲಿ ರೋಮಿನ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕೂರುವುದು, ಪಾದರಕ್ಷೆ ಬಿಡುವುದು, ಮೇಣದ ಬತ್ತಿಗೆ ಬದಲು ಎಣ್ಣೆದೀಪ, ಆರತಿ ಇವು ಸೇರಿದ್ದವು. ವಿನ್ಯಾಸದ ಕಣ್ಣಿಗೆ ಇವುಗಳ ಪರಿಣಾಮ ನೇರವಾದದ್ದು: ಜನ ನೆಲದಲ್ಲಿ ಕೂತಾಗ ಕಣ್ಣಿನ ಮಟ್ಟ ಬೆಂಚಿಗಿಂತ ಅರ್ಧ ಮೀಟರಿನಷ್ಟು ಕೆಳಗಿಳಿಯುತ್ತದೆ. ಬಲಿಪೀಠವೂ ಗಿಡ್ಡದಾಗಬೇಕು. ಇದಕ್ಕೆ ವಿರೋಧವೂ ಬಂತು, ಹೆಚ್ಚಿನ ಧರ್ಮಕೇಂದ್ರಗಳು ಬೆಂಚನ್ನೇ ಉಳಿಸಿಕೊಂಡವು. ಆದರೂ ಚಾಪೆ, ಜಮಖಾನ ಹಾಸಿ ಕೂರುವ ಹಳ್ಳಿಯ ಚರ್ಚುಗಳಿಗೆ ಈ ಅನುಮತಿ ಹೊಸದೇನೂ ಆಗಿರಲಿಲ್ಲ.

ಅಳತೆಗಳು

ಬೆಂಚಿನ ಬೆನ್ನಿನಿಂದ ಬೆನ್ನಿಗೆ 85ರಿಂದ 95 ಸೆಂಟಿಮೀಟರ್ ಬೇಕು. ಮೊಣಕಾಲೂರುವ ಹಲಗೆ ಇದ್ದರೆ ಮೇಲಿನ ಅಂಕಿ. ಒಬ್ಬರಿಗೆ ಅರ್ಧ ಮೀಟರ್ ಅಗಲ. ಬಲಿಪೀಠದ ಎತ್ತರ ಒಂದು ಮೀಟರಿನ ಸುಮಾರು. ನಡುದಾರಿಯ ಅಗಲವನ್ನು ಮದುವೆಯ ಜೋಡಿಯಿಂದ ಲೆಕ್ಕ ಹಾಕುವುದು ರೂಢಿ. ಅದಕ್ಕಿಂತ ಶವಪೆಟ್ಟಿಗೆಯಿಂದ ಹಾಕುವುದು ಮೇಲು: ಎರಡೂ ಕಡೆ ಹೊರುವವರು ನಡೆಯಬೇಕು, ಮುಂದೆ ತಿರುಗಿಸಬೇಕು. ಕಥೋಲಿಕ ವಾಡಿಕೆಯಲ್ಲಿ ಸಾಮಾನ್ಯರ ಕಾಲು ಬಲಿಪೀಠದ ಕಡೆಗೆ, ಗುರುಗಳದಾದರೆ ತಲೆ. 1.8 ಮೀಟರ್ ಇದ್ದರೆ ಎರಡಕ್ಕೂ ಸಾಲುತ್ತದೆ. ಗಾಲಿಕುರ್ಚಿಗೆ 1:12 ಇಳಿಜಾರು ಬೇಕು. ಅದು ಬಾಗಿಲಲ್ಲೇ ಮುಗಿಯದೆ ವಾಚನಪೀಠದವರೆಗೂ ಹೋಗಬೇಕು.

ನೆರೆಯುವ ಜಾಗ

ಅಮೆರಿಕದ ಅಕ್ರನ್ ಪಟ್ಟಣದ ಮೆಥೊಡಿಸ್ಟ್ ಚರ್ಚಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಲೂಯಿಸ್ ಮಿಲ್ಲರ್ ರೂಪಿಸಿದ ಏರ್ಪಾಟಿನಲ್ಲಿ ಭಾನುವಾರದ ಶಾಲೆಯ ಕೋಣೆಗಳೆಲ್ಲ ಒಂದು ನಡುಹಜಾರಕ್ಕೆ ತೆರೆದುಕೊಳ್ಳುತ್ತಿದ್ದವು. ನಮ್ಮಲ್ಲಿ ಆ ಕೆಲಸವನ್ನು ಜಗಲಿ ಮತ್ತು ಅಂಗಳ ಮಾಡುತ್ತವೆ. ಕರಾವಳಿಯಲ್ಲಿ ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ತೆನೆಯನ್ನು ಹೊರಗೆ ಆಶೀರ್ವದಿಸಿ, ಮಕ್ಕಳು ಬಾಲ ಮರಿಯಳಿಗೆ ಹೂ ಎರಚಿ, ಮೆರವಣಿಗೆಯಲ್ಲಿ ಒಳಬರುತ್ತಾರೆ. ಮಳೆ ಇನ್ನೂ ನಿಂತಿರದ ತಿಂಗಳು ಅದು. ಮೂರು ಮೀಟರ್ ಆಳದ ಮುಂಜಗಲಿ ಇಲ್ಲದಿದ್ದರೆ ನೂರಾರು ಒದ್ದೆ ಕೊಡೆಗಳು ಬೆಂಚಿನಡಿ ಸೇರುತ್ತವೆ, ಕಲ್ಲುನೆಲ ಜಾರುತ್ತದೆ. ಬೆಂಗಳೂರಿನ ಕೆಲವು ಚರ್ಚುಗಳಲ್ಲಿ ಒಂದೇ ಬೆಳಿಗ್ಗೆ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಹೊರಡುವವರಿಗೆ ಪಕ್ಕದ ಬಾಗಿಲು, ಬರುವವರಿಗೆ ಎದುರಿನದು ಎಂದು ಮೊದಲೇ ಗೊತ್ತುಮಾಡಿರದಿದ್ದರೆ ನಡುದಾರಿಯಲ್ಲೇ ಎರಡು ಸಭೆಗಳು ಮುಖಾಮುಖಿಯಾಗುತ್ತವೆ.

ಹಳೆಯ ಒಳಾಂಗಣಗಳ ಮಾರ್ಪಾಡು

ಮಂಗಳೂರು ಸೀಮೆಯಲ್ಲಿ 1784ಕ್ಕಿಂತ ಹಿಂದಿನ ಒಳಾಂಗಣ ಸಿಗುವುದು ಅಪರೂಪ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಹುಪಾಲು ಇಗರ್ಜಿಗಳು ಕೆಡವಲ್ಪಟ್ಟವು. ಆಮೇಲಿನವುಗಳಲ್ಲಿ ಗೋವೆಯ ಮಾದರಿಯ ಕೆತ್ತನೆಯ ಎತ್ತರದ ಬಲಿಪೀಠಗಳಿವೆ. 1964ರ ನಂತರ ಅವುಗಳನ್ನು ಕೀಳದೆ ಮುಂದೆ ಹೊಸ ಮೇಜು ಇಟ್ಟದ್ದು ಸಾಮಾನ್ಯ ಪರಿಹಾರ. ಪರಮಪ್ರಸಾದದ ಪೆಟ್ಟಿಗೆ ಹಳೆಯದರಲ್ಲೇ ಉಳಿದರೆ ಗುರುಗಳ ಬೆನ್ನು ಅದಕ್ಕೆ ಬೀಳುತ್ತದೆ. ಪಕ್ಕಕ್ಕೆ ಸರಿಸಿದರೆ ನಡುವಿನ ಗೂಡು ಖಾಲಿ ಕಾಣುತ್ತದೆ. ಎರಡಕ್ಕೂ ಪರ ವಿರೋಧಗಳಿವೆ. ಕಂಬಕ್ಕೆ ಹೊಂದಿಸಿದ ಹಳೆಯ ಎತ್ತರದ ಪ್ರಸಂಗಪೀಠಗಳನ್ನು ಮೈಕು ಬಂದ ಮೇಲೆ ಹಲವೆಡೆ ಬಿಚ್ಚಿಹಾಕಲಾಯಿತು. ಅವುಗಳ ನೆತ್ತಿಯ ಮೇಲಿನ ಮರದ ಛತ್ರಿ ಬರಿಯ ಅಲಂಕಾರವಾಗಿರಲಿಲ್ಲ; ಮೇಲೇರಿ ಚಾವಣಿಯಲ್ಲಿ ಕಳೆದುಹೋಗುತ್ತಿದ್ದ ಮಾತನ್ನು ಅದು ಜನರತ್ತ ತಿರುಗಿಸುತ್ತಿತ್ತು. ವಿದ್ಯುತ್ ಹೋದಾಗ ಈಗಲೂ ತಿರುಗಿಸುತ್ತದೆ.