ಹಿತ್ತಿಲ ಕೋಳಿಯಿಂದ ಫಾರಂ ಕೋಳಿಗೆ: ಬೆಂಗಳೂರಿನ ಸುತ್ತ ಪ್ರತಿಜೀವಕ ನಿರೋಧದ ಚರಿತ್ರೆ

ಪೀಣ್ಯದ ಮೆಸ್ಸುಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿ ಕೋಳಿ ಸಾರು ಇಂದು ವಿಶೇಷದ ಅಡುಗೆಯಲ್ಲ. ಇದೇ ಊರುಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಹಬ್ಬವೋ ನೆಂಟರೋ ಬಂದಾಗಷ್ಟೇ ಮಂಕರಿಯಡಿಯ ಕೋಳಿಗೆ ಕೈಹಾಕುತ್ತಿದ್ದರು. ಈ ಬದಲಾವಣೆಯ ಜೊತೆಜೊತೆಗೇ ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳೂ ಬೆಳೆದವು. ನಮ್ಮ ಕಾನೂನು ಮಾಂಸದಲ್ಲಿ ಉಳಿದ ಔಷಧವನ್ನು ಅಳೆಯಿತು. ಅಪಾಯ ಬೆಳೆದದ್ದು ಶೆಡ್ಡಿನಲ್ಲಿ ಉಳಿದ ಬ್ಯಾಕ್ಟೀರಿಯಾದಲ್ಲಿ ಎಂಬುದು ಈ ಲೇಖನದ ವಾದ.

ಹೆಬ್ಬಾಳ ಮತ್ತು ಹೆಸರಘಟ್ಟ

ಬೆಂಗಳೂರಿನ ಪಶುವೈದ್ಯ ಪರಂಪರೆ ಶುರುವಾದದ್ದು ರೋಗ ತಡೆಯುವುದರಿಂದ. 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. ಇಂದು ಅದು ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. 1958ರಲ್ಲಿ ಅಲ್ಲೇ ಪಶುವೈದ್ಯ ಕಾಲೇಜು ಬಂತು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರವು ದಕ್ಷಿಣದ ರಾಜ್ಯಗಳಿಗೆ ಮರಿಗಳನ್ನೂ ತರಬೇತಿಯನ್ನೂ ಒದಗಿಸಿತು. 1980ರ ದಶಕದ ಕೊನೆಗೆ ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲಲ್ಲೇ ಸಾಕಲು ಒಗ್ಗುವ ‘ಗಿರಿರಾಜ’ ತಳಿಯನ್ನು ರೂಪಿಸಿದರು.

ನಗರದ ಹಸಿವಿಗೆ ಮಾತ್ರ ಒದಗಿದ್ದು, ಜನರ ಬಾಯಲ್ಲಿ ‘ಬಾಯ್ಲರ್’ ಆದ ಬ್ರಾಯ್ಲರ್ ಕೋಳಿ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ಶೆಡ್ಡು ಮತ್ತು ದುಡಿಮೆ ರೈತನದು. ಮೇವಿನ ಚೀಲದಲ್ಲಿ ಏನಿರಬೇಕು ಎಂಬ ತೀರ್ಮಾನ ಅವನ ಕೈಯಲ್ಲಿಲ್ಲ.

ಮೇವಿಗೆ ಬಿದ್ದ ಔಷಧ

ಔಷಧದ ಪ್ರಮಾಣ ಸಾಲದಾದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಐದೇ ವರ್ಷದಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಕೆಯಲ್ಲಿ ಉಳಿದ ಪದಾರ್ಥವನ್ನು ತಿನ್ನಿಸಿದರೆ ಮರಿಗಳು ಬೇಗ ತೂಕ ಏರುತ್ತವೆ ಎಂದು ಅಮೆರಿಕದ ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್ ತೋರಿಸಿಕೊಟ್ಟರು. ರೋಗವಿಲ್ಲದ ಹಕ್ಕಿಗೆ ದಿನವೂ ಚಿಟಿಕೆ ಔಷಧ ಹಾಕುವ ರೂಢಿ ಅಲ್ಲಿಂದ ಹಬ್ಬಿತು. ಆ ಚಿಟಿಕೆಗೆ ಸಾಯುವ ಬ್ಯಾಕ್ಟೀರಿಯಾಗಳು ಸತ್ತು, ತಾಳಿಕೊಂಡವು ಉಳಿದು ಹೆಚ್ಚಿದವು. ತಾಳಿಕೆಯ ಜೀನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಯದಕ್ಕೂ ದಾಟಬಲ್ಲದು. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಈ ರೂಢಿಯನ್ನು ಆಕ್ಷೇಪಿಸಿತು. ತೂಕ ಏರಿಸಲು ಮೇವಿಗೆ ಪ್ರತಿಜೀವಕ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ ಸಂಪೂರ್ಣ ನಿಷೇಧಿಸಲು 2006 ಬರಬೇಕಾಯಿತು.

ಶೇಷ ಬೇರೆ, ನಿರೋಧ ಬೇರೆ

ಭಾರತದಲ್ಲಿ ಚರ್ಚೆ ಬಿಸಿಯಾದದ್ದು 2014ರಲ್ಲಿ. ವಿಜ್ಞಾನ ಮತ್ತು ಪರಿಸರ ಕೇಂದ್ರವು ದೆಹಲಿ ಸುತ್ತಿನ ಕೋಳಿ ಮಾಂಸದ 70 ಮಾದರಿಗಳನ್ನು ಪರೀಕ್ಷಿಸಿ, ಶೇ. 40ರಲ್ಲಿ ಪ್ರತಿಜೀವಕದ ಶೇಷ ಕಂಡಿತು. ಮಾಂಸದಲ್ಲಿ ಎಷ್ಟು ಶೇಷ ಇರಬಹುದೆಂಬ ಮಿತಿಗಳು ಮುಂದೆ ಬಿಗಿಯಾದವು. ಆದರೆ ಕೊಯ್ಯುವ ಕೆಲವು ದಿನ ಮೊದಲು ಔಷಧ ನಿಲ್ಲಿಸಿದರೆ ಶೇಷ ಇಳಿಯುತ್ತದೆ. ಬ್ಯಾಕ್ಟೀರಿಯಾ ಹಾಗೆ ಜಾಗ ಖಾಲಿ ಮಾಡುವುದಿಲ್ಲ. ಪಂಜಾಬಿನ 18 ಫಾರಂಗಳ ಅಧ್ಯಯನ 2017ರಲ್ಲಿ ಪ್ರಕಟವಾದಾಗ, ಮಾಂಸದ ಕೋಳಿಗಳ ಇ. ಕೋಲೈ ಬ್ಯಾಕ್ಟೀರಿಯಾ ಮಾದರಿಗಳಲ್ಲಿ ಶೇ. 94, ಮೊಟ್ಟೆಕೋಳಿಗಳದರಲ್ಲಿ ಶೇ. 60 ಹಲವು ಔಷಧಗಳಿಗೆ ಬಗ್ಗದವಾಗಿದ್ದವು.

ಸಾರು ಚೆನ್ನಾಗಿ ಕುದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಅದರ ದಾರಿ ಸಾರಿನ ಪಾತ್ರೆಯೊಂದೇ ಅಲ್ಲ. ಫಾರಂ ಕೆಲಸಗಾರನ ಕೈ, ಅಂಗಡಿಯ ಮರದ ದಿಮ್ಮಿ, ಹಸಿ ಮಾಂಸ ಹೆಚ್ಚಿದ ಚಾಕುವಿನಲ್ಲೇ ಹೆಚ್ಚಿದ ಸೌತೆಕಾಯಿ, ತರಕಾರಿ ತೋಟಕ್ಕೆ ಹೋಗುವ ಕೋಳಿ ಗೊಬ್ಬರ, ತೊಳೆದ ನೀರು ಹರಿಯುವ ಚರಂಡಿ ಎಲ್ಲವೂ ದಾರಿಗಳೇ.

ಫಾರಂಗೂ ಆಸ್ಪತ್ರೆಗೂ ಇರುವ ನಂಟನ್ನು ಕೊಲಿಸ್ಟಿನ್ ಔಷಧದ ಕಥೆ ಸ್ಪಷ್ಟಪಡಿಸುತ್ತದೆ. ಐಸಿಯುಗಳಲ್ಲಿ ಬೇರೇನೂ ಕೆಲಸ ಮಾಡದಾಗ ವೈದ್ಯರು ಕೈಗೆತ್ತಿಕೊಳ್ಳುವ ಔಷಧ ಅದು. ಕೋಳಿ ಮೇವಿಗೂ ಅದೇ ಬೀಳುತ್ತಿತ್ತು. ಅದನ್ನು ಸೋಲಿಸುವ, ದಾಟಬಲ್ಲ ಜೀನು ಚೀನಾದಲ್ಲಿ ಪತ್ತೆಯಾದದ್ದು 2015ರ ಕೊನೆಗೆ ವರದಿಯಾಯಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಅದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕ ಬ್ಯಾಕ್ಟೀರಿಯಾ ನೇರ ಕಾರಣವಾಗಿತ್ತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಇದರಲ್ಲಿ ಕೋಳಿ ಫಾರಂಗಳ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಆಸ್ಪತ್ರೆಗಳ, ಔಷಧ ಅಂಗಡಿಗಳ ಹೊಣೆಯೂ ದೊಡ್ಡದೇ.

ಸಮಾರೋಪ

ಹೆಬ್ಬಾಳದ ಪರಂಪರೆಯಲ್ಲೇ ದಾರಿಯಿದೆ: ಮೊದಲು ಲಸಿಕೆ, ಶುಚಿ, ಗಾಳಿಯಾಡುವ ಶೆಡ್ಡು, ಪಶುವೈದ್ಯರ ಚೀಟಿಯಿದ್ದಾಗ ಮಾತ್ರ ಔಷಧ. ನಿರೋಧದ ಮೇಲೆ ಕಣ್ಣಿಡಲು, ಪ್ರಾಣಿರೋಗಗಳ ಜಾಡು ಹಿಡಿಯುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಯಲಹಂಕದಲ್ಲೇ ಇದೆ. ಮೇವಿನ ಚೀಲದ ಮೇಲೆ ಒಳಗಿನ ಔಷಧದ ಹೆಸರು ರೈತನಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ಮಾಂಸದ ತುಂಡಿನ ಜೊತೆಗೆ ಶೆಡ್ಡಿನ ಹಾಸೂ ತಪ್ಪದೆ ಪ್ರಯೋಗಾಲಯಕ್ಕೆ ಹೋಗಲಿ.