ದ್ರಾಕ್ಷಾರಸದ ಎರಡು ಹುಳಿಗಳು

ಹೊನ್ನಾವರದ ಕೋಟೆಯು 1569ರಲ್ಲಿ ಪೋರ್ಚುಗೀಸರ ವಶವಾಯಿತು. 1678ರ ಒಪ್ಪಂದದಲ್ಲಿ ಕೆಳದಿಯ ಅರಸು ಮನೆತನವು ಮಿರ್ಜಾನ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅವರಿಗೆ ಅನುಮತಿಯಿತ್ತಿತು. ಇಗರ್ಜಿಯಿದ್ದಲ್ಲಿ ಬಲಿಪೂಜೆ, ಬಲಿಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು. ನಮ್ಮ ಕರಾವಳಿಯ ಮಳೆಗಾದರೋ ದ್ರಾಕ್ಷಿಯ ಬಳ್ಳಿ ಒಗ್ಗದು. ರಸವಾಗಲಿ ಹಣ್ಣಾಗಲಿ ಕಡಲ ದಾರಿಯಿಂದಲೋ ಘಟ್ಟದ ಮೇಲಿನಿಂದಲೋ ಬರಬೇಕು. ಬಂದದ್ದನ್ನು ಈ ಸೆಕೆಯಲ್ಲಿ ಕೆಡದಂತೆ ಕಾಯುವುದು ಸಣ್ಣ ಹೊಣೆಯಲ್ಲ.

ಪೂಜೆಯ ರಸವು ಸಹಜವಾದುದೂ ದ್ರಾಕ್ಷಿಯದೂ ಕೆಡದಿರುವುದೂ ಆಗಿರಬೇಕೆಂದು ಧರ್ಮಸಭೆಯ 1917ರ ಕಾನೂನು ಸಂಹಿತೆ ವಿಧಿಸಿತು. 1983ರ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ವಿನಿಗರ್ ಆಗಿಹೋದ ರಸದಿಂದ ಪೂಜೆ ಸಲ್ಲದು. ಗೇರುಹಣ್ಣಿನ ರಸವಂತೂ, ಎಷ್ಟೇ ರುಚಿಯಾಗಿರಲಿ, ಸಲ್ಲುವುದೇ ಇಲ್ಲ.

1862ರಿಂದ 1956ರವರೆಗೆ ನಮ್ಮ ಈ ಮೂರು ತಾಲೂಕುಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದ್ದರಿಂದ 1949ರ ಮುಂಬಯಿ ಪಾನನಿರೋಧ ಕಾಯಿದೆ ಇಲ್ಲಿಗೂ ಅನ್ವಯಿಸಿತು. ಮನೆಯ ಭರಣಿಗೆ ನಿಷಿದ್ಧವಾದದ್ದನ್ನು ಧಾರ್ಮಿಕ ವಿಧಿಗಾಗಿ ಇಟ್ಟುಕೊಳ್ಳಲು ಗುರುಗಳಿಗೆ ಅಧಿಕಾರಪತ್ರ ನೀಡುವ ಅವಕಾಶವನ್ನು ಆ ಕಾಯಿದೆಯೇ ಕಲ್ಪಿಸಿತ್ತು. ಕಾನೂನು ರಚಿಸಿದವರ ಈ ವಿವೇಕವನ್ನು ಮೆಚ್ಚಬೇಕು.

ಕ್ರಿಸ್ತಜಯಂತಿಗೆಂದು ಮನೆಗಳಲ್ಲಿ ದ್ರಾಕ್ಷಾರಸ ಮಾಡುವವರು ಹುಳಿಯೆಂದರೆ ಕೆಟ್ಟಿತೆಂದೇ ತಿಳಿಯುವುದುಂಟು. ಹುಳಿಯಲ್ಲಿ ಭೇದವಿದೆ. ಗಾಳಿ ಸೋಕಿ ಹುಟ್ಟುವ ವಿನಿಗರ್‌ನ ಹುಳಿ ರಸವನ್ನು ಕೆಡಿಸುತ್ತದೆ. ದ್ರಾಕ್ಷಿಯಲ್ಲೇ ಇರುವ ಮ್ಯಾಲಿಕ್ ಆಮ್ಲದ ಹುಳಿ, ಅಂದರೆ ಸೇಬಿನಲ್ಲಿರುವ ಹುಳಿ, ಬೇರೆಯದು. ಮೊದಲ ಹುದುಗು ಮುಗಿದ ಮೇಲೆ ಕೆಲವು ಅಣುಜೀವಿಗಳು ಅದನ್ನು ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ರಸ ಮೃದುವಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸ್ವಿಟ್ಜರ್ಲೆಂಡಿನ ಮುಲ್ಲರ್-ತುರ್ಗಾವ್ ಮತ್ತು ಓಸ್ಟರ್‌ವಾಲ್ಡರ್ 1913ರಲ್ಲಿ ಇದನ್ನು ವಿವರಿಸಿದರು. ಈ ಕ್ರಿಯೆ ಮುಗಿಯುವ ಮುನ್ನ ಸೀಸೆಗೆ ಬಿರಡೆ ಬಿಗಿದರೆ ರಸ ಕದಡುತ್ತದೆ, ಬಿರಡೆ ಹಾರಿದರೂ ಹಾರೀತು.

ಮುಗಿಯಿತೆಂದು ತಿಳಿಯುವುದೆಂತು? ನಾಲಗೆ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಗುಳ್ಳೆ ನಿಂತದ್ದೂ ಪುರಾವೆಯಲ್ಲ. ಇಂಗ್ಲೆಂಡಿನಲ್ಲಿ ಮಾರ್ಟಿನ್ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದ ಕಾಗದದ ವರ್ಣರೇಖನ ವಿಧಾನವು ಮುಂದೆ ದ್ರಾಕ್ಷಾರಸದ ಪರೀಕ್ಷೆಗೂ ಒದಗಿತು. ಹೀರುಕಾಗದದ ಅಂಚಿನ ಮೇಲ್ಗಡೆ ರಸದ ಸಣ್ಣ ತೊಟ್ಟನ್ನಿಟ್ಟು, ಪಕ್ಕದಲ್ಲಿ ಹೋಲಿಕೆಗಾಗಿ ಶುದ್ಧ ಆಮ್ಲಗಳ ತೊಟ್ಟುಗಳನ್ನಿಟ್ಟು, ಬಣ್ಣಸೂಚಕ ಬೆರೆಸಿದ ದ್ರಾವಣದಲ್ಲಿ ಆ ಅಂಚನ್ನು ಅದ್ದಿ ನಿಲ್ಲಿಸುತ್ತಾರೆ. ದ್ರಾವಣವು ಕೆಲವು ತಾಸುಗಳಲ್ಲಿ ಮೇಲೇರುತ್ತದೆ. ಕಾಗದ ಒಣಗಿದಾಗ ನೀಲಿ ಹಿನ್ನೆಲೆಯಲ್ಲಿ ಹಳದಿ ಕಲೆಗಳು ಮೂಡುತ್ತವೆ: ಕೆಳಗೆ ಹುಣಸೆಯ ಹುಳಿಯಾದ ಟಾರ್ಟಾರಿಕ್, ನಡುವೆ ಮ್ಯಾಲಿಕ್, ಮೇಲೆ ಲ್ಯಾಕ್ಟಿಕ್. ನಡುವಿನ ಕಲೆ ಮಾಸಿ ಮೇಲಿನದು ದಟ್ಟವಾದರೆ ಕ್ರಿಯೆ ಬಹುಮಟ್ಟಿಗೆ ಮುಗಿದಂತೆ. ಅತ್ಯಲ್ಪ ಉಳಿಕೆ ಕಾಣದಿರಬಹುದಾದ್ದರಿಂದ ಇನ್ನೂ ಕೆಲವು ವಾರ ಕಾಯುವುದು ಮೇಲು.

ವಿನಿಗರ್‌ನ ಹುಳಿಯನ್ನು ಮಾತ್ರ ಈ ಕಾಗದ ತೋರಿಸದು. ಒಣಗುವಾಗಲೇ ಅದು ಆವಿಯಾಗಿ ಹೋಗುತ್ತದೆ. ಅದನ್ನು ಮೂಗಿನಿಂದಲೇ ತಿಳಿಯಬೇಕು.